ಕಡಲಿನ ಕೆಲಸಕ್ಕೆ ಯಾರ ಬಾಗಿಲು ತಟ್ಟಬೇಕು? ಪಂಚಾಯಿತಿಯಿಂದ ಸಂಸತ್ತಿನವರೆಗೆ ಇಲ್ಲಿದೆ ಪೂರ್ತಿ ಮಾಹಿತಿ

ಕಾರವಾರ: ಮೀನು ಕಡಿಮೆಯಾಗಿದೆ, ಕಡಲತೀರ ಕೊರೆದು ಹೋಗ್ತಿದೆ, ಬಲೆಗೆ ಮೀನಿಗಿಂತ ಪ್ಲಾಸ್ಟಿಕ್ಕೇ ಜಾಸ್ತಿ ಬರ್ತದೆ. ಕರಾವಳಿಯ ಯಾವ ಊರಿಗೆ ಹೋದರೂ ಕೇಳಿಬರುವ ಮಾತಿದು. ಇದಕ್ಕೊಂದು ಪರಿಹಾರ ಬೇಕು ಎಂದು ನಾಲ್ಕು ಜನ ಸೇರಿ ಶಾಸಕರಿಗೋ ಸಂಸದರಿಗೋ ಮನವಿ ಕೊಡುತ್ತಾರೆ. ಫೋಟೊ ಆಗ್ತದೆ, 'ಪರಿಶೀಲಿಸುತ್ತೇನೆ' ಎಂಬ ಉತ್ತರ ಸಿಗ್ತದೆ. ಹೆಚ್ಚಿನ ಮನವಿಗಳ ಕಥೆ ಅಲ್ಲಿಗೇ ಮುಗಿಯುತ್ತದೆ.

ಇದಕ್ಕೆ ಜನಪ್ರತಿನಿಧಿಯ ಉದಾಸೀನ ಒಂದೇ ಕಾರಣ ಅಲ್ಲ. 'ಸಮುದ್ರ ಉಳಿಸಿ' ಅಂತ ಬರೆದರೆ ಅದನ್ನು ಯಾವ ಇಲಾಖೆಗೆ ಕಳಿಸಬೇಕು ಅನ್ನೋದೇ ಗೊತ್ತಾಗುವುದಿಲ್ಲ. ಸಮುದ್ರದ ಅಧಿಕಾರ ಒಬ್ಬರ ಕೈಯಲ್ಲಿಲ್ಲ. ಕಸ ಪಂಚಾಯಿತಿಯದ್ದು, ದಡದ ಹತ್ತಿರದ ಮೀನುಗಾರಿಕೆ ರಾಜ್ಯದ್ದು, ಆಳ ಸಮುದ್ರ ಕೇಂದ್ರದ್ದು, ಕಡಲಾಮೆ ಅರಣ್ಯ ಇಲಾಖೆಯದ್ದು. ಯಾವುದನ್ನು ಯಾರ ಹತ್ತಿರ, ಯಾವಾಗ, ಹೇಗೆ ಕೇಳಬೇಕು? ತಾಲೂಕಿನ ಜನರಿಗೆ, ಅಂಗಡಿಕಾರರಿಗೆ, ಮೀನುಗಾರ ಸಂಘಗಳಿಗೆ ಉಪಯೋಗವಾಗುವಂತೆ ಮಾಹಿತಿ ಇಲ್ಲಿದೆ.

ಅಂಗಡಿಯವರಿಗೂ ಇದಕ್ಕೂ ಏನು ಸಂಬಂಧ?

ಕರಾವಳಿ ತಾಲೂಕಿನ ಪೇಟೆ ನಡೆಯೋದು ಬಂದರಿನ ದುಡ್ಡಿನಿಂದ. ಮಂಜುಗಡ್ಡೆ, ಡೀಸೆಲ್, ಬಲೆ, ಹಗ್ಗ, ದಿನಸಿ, ಬಟ್ಟೆ, ಹೋಟೆಲ್ ಎಲ್ಲದಕ್ಕೂ ಬೋಟ್ ತುಂಬಿ ಬಂದರೆ ವ್ಯಾಪಾರ, ಖಾಲಿ ಬಂದರೆ ಉದ್ರಿ. ಮೀನು ಕಡಿಮೆಯಾದ ವರ್ಷ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿದರೇ ಲೆಕ್ಕ ಗೊತ್ತಾಗ್ತದೆ.

ನೆರೆಯ ಕೇರಳದ ಉದಾಹರಣೆ ನೋಡಿ. ಅಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ತಾರ್ಲೆ (ಬೂತಾಯಿ) ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೀ 3,297 ಟನ್ ಎಂದು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ ಹೇಳುತ್ತದೆ. ಸಮುದ್ರದ ಹವಾಮಾನದಲ್ಲಾದ ಏರುಪೇರು ಇದಕ್ಕೆ ದೊಡ್ಡ ಕಾರಣ. ಹವಾಮಾನ ಯಾವ ಶಾಸಕರ ಕೈಯಲ್ಲೂ ಇಲ್ಲ. ಆದರೆ ಮರಿ ಮೀನು ಹಿಡಿಯೋದನ್ನು ತಡೆಯೋದು, ನಿಷೇಧಿತ ವಿಧಾನಗಳ ಮೇಲೆ ಕಣ್ಣಿಡೋದು, ಅಳಿವೆ ಮತ್ತು ಕಾಂಡ್ಲಾ ಕಾಡು ಉಳಿಸೋದು ಸರ್ಕಾರದ ಕೈಯಲ್ಲೇ ಇದೆ.

ಮೊದಲು 12 ನಾಟಿಕಲ್ ಮೈಲಿಯ ಲೆಕ್ಕ ತಿಳಿದಿರಲಿ

ದಡದಿಂದ 12 ನಾಟಿಕಲ್ ಮೈಲಿವರೆಗೆ (ಸುಮಾರು 22 ಕಿ.ಮೀ.) ಮೀನುಗಾರಿಕೆ ರಾಜ್ಯ ಸರ್ಕಾರದ ಅಧಿಕಾರ. ಇಲ್ಲಿ ನಡೆಯೋದು 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ. ಯಾವ ಬೋಟ್ ಎಲ್ಲಿ ಮೀನು ಹಿಡಿಯಬಹುದು, ಯಾವ ಬಲೆ ಬಳಸಬಹುದು, ತಪ್ಪಿದರೆ ದಂಡ ಏನು ಅನ್ನೋದು ಈ ಕಾಯ್ದೆ ಮತ್ತು ಅದರ ಕೆಳಗಿನ ಆದೇಶಗಳಲ್ಲಿ ಬರುತ್ತದೆ. ಹಾಗಾಗಿ ಇದು ಶಾಸಕರ, ರಾಜ್ಯದ ಮೀನುಗಾರಿಕೆ ಸಚಿವರ ವಿಷಯ.

12 ನಾಟಿಕಲ್ ಮೈಲಿಯಿಂದ ಆಚೆ, 200 ನಾಟಿಕಲ್ ಮೈಲಿವರೆಗೆ ಕೇಂದ್ರದ ಅಧಿಕಾರ. ಬೆಳಕು ಮೀನುಗಾರಿಕೆ (ಲೈಟ್ ಫಿಶಿಂಗ್) ಮತ್ತು ಬುಲ್ ಟ್ರಾಲಿಂಗ್ ಅನ್ನು ಈ ಪ್ರದೇಶದಲ್ಲಿ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಅಲ್ಲಿಯ ಪ್ರಶ್ನೆ ಎತ್ತಬೇಕಾದವರು ಸಂಸದರು.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮಳೆಗಾಲದ ನಿಷೇಧ ಎರಡೂ ಕಡೆ ಸಮನಾಗಿದೆ. ಕೇಂದ್ರ ತನ್ನ ಪಾಲಿನ ಸಮುದ್ರಕ್ಕೆ, ರಾಜ್ಯ ತನ್ನ ಪಾಲಿನ ಸಮುದ್ರಕ್ಕೆ ಬೇರೆ ಬೇರೆ ಆದೇಶ ಮಾಡ್ತವೆ.

ಯಾರ ಕೈಯಲ್ಲಿ ಏನಿದೆ?

ಗ್ರಾಮ ಪಂಚಾಯಿತಿ ಸದಸ್ಯರು: ಕಡಲತೀರದ ಕಸ, ಮೀನು ಮಾರುಕಟ್ಟೆಯ ತ್ಯಾಜ್ಯ, ಹೊಳೆಗೆ ಬಿಡುವ ಕೊಳಚೆ ಇವೆಲ್ಲ ಪಂಚಾಯಿತಿ ಅಥವಾ ಪಟ್ಟಣದಲ್ಲಾದರೆ ಪುರಸಭೆ, ನಗರಸಭೆಯ ಕೆಲಸ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಅಧಿಕಾರವೂ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಮ್ಮೂರಿನ ಅಳಿವೆಯಲ್ಲಿ ಯಾವ ಮೀನು, ಯಾವ ಬಳಚು, ಯಾವ ಕಾಂಡ್ಲಾ ಇದೆ ಅನ್ನೋದನ್ನು ಈ ಸಮಿತಿ ದಾಖಲೆ ಮಾಡಬೇಕು. ಮುಂದೆ ಯಾವುದೋ ಯೋಜನೆ ಬಂದು 'ಇಲ್ಲಿ ಏನೂ ಇಲ್ಲ' ಅಂದಾಗ ತೋರಿಸಲು ಇದೇ ದಾಖಲೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಲ್ಲಿ ಆದ ಠರಾವಿಗೆ ಬೆಲೆ ಇದೆ.

ಜಿಲ್ಲಾ, ತಾಲೂಕು ಪಂಚಾಯಿತಿ: ಇವುಗಳ ಅವಧಿ 2021ರಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆದಿಲ್ಲ. ಸದಸ್ಯರಿಲ್ಲದ ಕಡೆ ಆಡಳಿತಾಧಿಕಾರಿಗೇ ಅರ್ಜಿ ಕೊಡಬೇಕು. ಶಾಸಕರ ಮೇಲೆ ಹೊರೆ ಹೆಚ್ಚಾಗಿರೋದಕ್ಕೆ ಇದೂ ಒಂದು ಕಾರಣ.

ಶಾಸಕರು: ತಾಲೂಕು ಮಟ್ಟದ ತ್ರೈಮಾಸಿಕ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ಮೀನುಗಾರಿಕೆ, ಅರಣ್ಯ, ಬಂದರು ಇಲಾಖೆಯ ಅಧಿಕಾರಿಗಳು ಅಲ್ಲಿ ಉತ್ತರ ಕೊಡಬೇಕು. ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ, ಗಮನ ಸೆಳೆಯುವ ಸೂಚನೆ ಇವು ಶಾಸಕರ ಆಯುಧ. ವರ್ಷಕ್ಕೆ 2 ಕೋಟಿ ರೂ. ಪ್ರದೇಶಾಭಿವೃದ್ಧಿ ನಿಧಿಯೂ ಇದೆ.

ಜಿಲ್ಲಾ ಉಸ್ತುವಾರಿ ಸಚಿವರು: ಜಿಲ್ಲಾ ಮಟ್ಟದ ಕೆಡಿಪಿ ಸಭೆ ಇವರದ್ದು. ಎರಡು ಇಲಾಖೆಗಳು ಒಬ್ಬರ ಮೇಲೊಬ್ಬರು ಹಾಕಿಕೊಂಡು ಕೂತ ವಿಷಯಕ್ಕೆ ಇದೇ ಸರಿಯಾದ ಜಾಗ. ಉದಾಹರಣೆಗೆ, ಬಂದರಿನಲ್ಲಿ ಬಿದ್ದಿರುವ ಹಳೇ ಬಲೆ, ಥರ್ಮೋಕೋಲ್ ಯಾರು ತೆಗೆಯಬೇಕು ಅನ್ನೋ ಪ್ರಶ್ನೆ.

ಮುಖ್ಯಮಂತ್ರಿ: ರಾಜ್ಯ ವನ್ಯಜೀವಿ ಮಂಡಳಿಗೆ ಇವರೇ ಅಧ್ಯಕ್ಷರು. ಸಮುದ್ರದಲ್ಲಿ ವನ್ಯಜೀವಿ ಧಾಮ ಮಾಡುವ ವಿಷಯ ಈ ಮಂಡಳಿ ಮುಂದೆ ಬರುತ್ತದೆ.

ಸಂಸದರು: ಕೇಂದ್ರದ ಯೋಜನೆಗಳ ಮೇಲ್ವಿಚಾರಣೆ ಮಾಡುವ ಜಿಲ್ಲಾ 'ದಿಶಾ' ಸಮಿತಿ ಸಭೆ ಸಂಸದರ ಅಧ್ಯಕ್ಷತೆಯಲ್ಲಿ ನಡೆಯುತ್ತದೆ. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆ, ದೊಡ್ಡ ಬಂದರು ಯೋಜನೆಗಳ ಪರಿಸರ ಅನುಮತಿ, ಸಿಆರ್‌ಜೆಡ್ ನಿಯಮ ಇವೆಲ್ಲ ದಿಲ್ಲಿಯ ವಿಷಯ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂ. ಅದನ್ನು ಶಾಶ್ವತ ಕಾಮಗಾರಿಗೆ ಬಳಸಬಹುದು, ಸಂಬಳ ಕೊಡಲು ಬರುವುದಿಲ್ಲ.

ನಮ್ಮ ಕ್ಷೇತ್ರ ಯಾವುದು?

ಉತ್ತರ ಕನ್ನಡದಲ್ಲಿ ಆರು ವಿಧಾನಸಭಾ ಕ್ಷೇತ್ರಗಳಿವೆ. ಸಮುದ್ರ ಇರೋದು ಕಾರವಾರ, ಕುಮಟಾ, ಭಟ್ಕಳ ಮೂರಕ್ಕೆ ಮಾತ್ರ. ಅಂಕೋಲಾ ತಾಲೂಕು ಕಾರವಾರ ಕ್ಷೇತ್ರಕ್ಕೆ ಸೇರಿದೆ. ಹೊನ್ನಾವರ ತಾಲೂಕು ಕುಮಟಾ ಮತ್ತು ಭಟ್ಕಳ ಕ್ಷೇತ್ರಗಳ ನಡುವೆ ಹಂಚಿಹೋಗಿದೆ. ಆದ್ದರಿಂದ ಹೊನ್ನಾವರದವರು ಮನವಿ ಬರೆಯುವ ಮೊದಲು ತಮ್ಮೂರು ಯಾವ ಕ್ಷೇತ್ರದ್ದು ಅಂತ ನೋಡಿಕೊಳ್ಳಬೇಕು. ಶರಾವತಿ ಅಳಿವೆಯಂಥ ವಿಷಯಕ್ಕೆ ಇಬ್ಬರು ಶಾಸಕರಿಗೂ ಕೊಡೋದು ಒಳ್ಳೇದು.

ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಐದಕ್ಕೆ ಸಮುದ್ರವೇ ಇಲ್ಲ. ಪಕ್ಕದ ಬೈಂದೂರಿನವರ ಪರಿಸ್ಥಿತಿ ಇನ್ನೂ ವಿಚಿತ್ರ. ಊರು ಉಡುಪಿ ಜಿಲ್ಲೆಯದ್ದು, ಸಂಸದರು ಮಾತ್ರ ಶಿವಮೊಗ್ಗ ಕ್ಷೇತ್ರದವರು. ಘಟ್ಟದ ಮೇಲಿನ ಅಡಿಕೆ, ಕಬ್ಬು, ರಸ್ತೆಯ ಮನವಿಗಳ ನಡುವೆ ಸಮುದ್ರದ ವಿಷಯ ಸಂಸದರ ಮೇಜಿಗೆ ತಲುಪಬೇಕಾದರೆ ಕರಾವಳಿಯವರೇ ಹೋಗಿ ಹೇಳಬೇಕು.

ಏನು ಕೇಳಬಹುದು? ಐದು ಉದಾಹರಣೆ

1. ನಿಷೇಧ ಜಾರಿಯ ಲೆಕ್ಕ. ಹೊಸ ಕಾನೂನು ಕೇಳುವ ಮೊದಲು ಇರುವ ಕಾನೂನಿನ ಲೆಕ್ಕ ಕೇಳಿ. ಕಳೆದ ಋತುವಿನಲ್ಲಿ ಬೆಳಕು ಮೀನುಗಾರಿಕೆ ಮೇಲೆ ಎಷ್ಟು ಪ್ರಕರಣ ಆಯ್ತು, ದಂಡ ಎಷ್ಟು ವಸೂಲಾಯ್ತು, ಗಸ್ತು ಬೋಟ್ ಎಷ್ಟು ದಿನ ನೀರಿಗೆ ಇಳಿಯಿತು?

2. ಮರಿ ಮೀನಿನ ಅಳತೆ. ಕೇರಳ ಸರ್ಕಾರ 2015ರಲ್ಲಿ 14 ಜಾತಿಯ ಮೀನಿಗೆ ಕನಿಷ್ಠ ಅಳತೆ ನಿಗದಿ ಮಾಡಿತು. 2017ರಲ್ಲಿ ಅದು 58ಕ್ಕೆ ಏರಿತು. ತಾರ್ಲೆ 10 ಸೆಂ.ಮೀ., ಬಂಗುಡೆ 14 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ. ನಮ್ಮ ಬಂದರಿನಲ್ಲಿ ಮರಿ ಮೀನು ಇಳಿಯೋದನ್ನು ಯಾರು ತಪಾಸಣೆ ಮಾಡ್ತಾರೆ ಅಂತ ಶಾಸಕರ ಮೂಲಕ ಕೇಳಬಹುದು.

3. ಬಲೆ ಕತ್ತರಿಸಿದ್ದಕ್ಕೆ ಪರಿಹಾರ. ಕಡಲಾಮೆ, ಡಾಲ್ಫಿನ್, ತಿಮಿಂಗಿಲ ಶಾರ್ಕ್ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಇವು ಬಲೆಗೆ ಬಿದ್ದರೆ ಬಿಡಿಸಲು ಎಷ್ಟೋ ಸಲ ಬಲೆಯನ್ನೇ ಕತ್ತರಿಸಬೇಕು. ನಷ್ಟ ಮೀನುಗಾರನದ್ದು. ಮಹಾರಾಷ್ಟ್ರದಲ್ಲಿ 2018ರಿಂದ ಇಂಥ ನಷ್ಟಕ್ಕೆ ಗರಿಷ್ಠ 25,000 ರೂ.ವರೆಗೆ ಪರಿಹಾರ ಕೊಡುವ ವ್ಯವಸ್ಥೆ ಇದೆ. ಮೀನುಗಾರ, ಅರಣ್ಯ ಇಲಾಖೆ ಇಬ್ಬರೂ ಒಪ್ಪುವ ಬೇಡಿಕೆ ಇದು. ಹಾಗಾಗಿ ಮೊದಲ ಮನವಿಗೆ ಇದನ್ನೇ ಇಟ್ಟುಕೊಳ್ಳಬಹುದು.

4. ಜಿಲ್ಲಾ ಕರಾವಳಿ ಸಮಿತಿ. ಸಿಆರ್‌ಜೆಡ್ ಅಧಿಸೂಚನೆ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಒಂದು ಜಿಲ್ಲಾ ಸಮಿತಿ ಇರಬೇಕು. ಅದರಲ್ಲಿ ಮೀನುಗಾರರೂ ಸೇರಿ ಸ್ಥಳೀಯ ಸಾಂಪ್ರದಾಯಿಕ ಸಮುದಾಯದ ಕನಿಷ್ಠ ಮೂವರು ಪ್ರತಿನಿಧಿಗಳಿರಬೇಕು. ಆ ಮೂವರು ಯಾರು? ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ? ಈ ಎರಡು ಪ್ರಶ್ನೆ ಸಾಕು.

5. ಅಳಿವೆ ಮತ್ತು ಧಾಮ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ವಿಸ್ತೀರ್ಣ 4,801 ಹೆಕ್ಟೇರ್. ಬಳಚು ಹೆಕ್ಕಿ ಬದುಕುವ ಕುಟುಂಬಗಳಿಗೆ ಇದರಿಂದ ಏನು ಅನುಕೂಲ, ನಿರ್ವಹಣಾ ಯೋಜನೆಯಲ್ಲಿ ಅವರ ಮಾತಿಗೆ ಜಾಗ ಇದೆಯಾ ಅಂತ ಕೇಳೋದು ಶಾಸಕ, ಸಂಸದ ಇಬ್ಬರಿಗೂ ಸಂಬಂಧಿಸಿದ್ದು.

ಹೊನ್ನಾವರ ತಾಲೂಕಿನ ಅಪ್ಸರಕೊಂಡ–ಮುಗಳಿ ಸಮುದ್ರ ವನ್ಯಜೀವಿ ಧಾಮದ ಬಗ್ಗೆಯೂ ಇದೇ ಮಾತು. ಧಾಮ ಅಂದ ತಕ್ಷಣ 'ಮೀನುಗಾರಿಕೆ ಬಂದ್' ಎಂಬ ಹೆದರಿಕೆ ಸಹಜ. ವನ್ಯಜೀವಿ ಕಾಯ್ದೆಯ 26ಎ ಕಲಂನಲ್ಲಿ, ಸಮುದ್ರದ ಭಾಗ ಧಾಮಕ್ಕೆ ಸೇರುವುದಾದರೆ ಸ್ಥಳೀಯ ಮೀನುಗಾರರ ವೃತ್ತಿ ಹಿತ ಕಾಯಲು ಸಾಕಷ್ಟು ಕ್ರಮ ಕೈಗೊಂಡೇ ಗಡಿ ನಿಗದಿ ಮಾಡಬೇಕು ಎಂದಿದೆ. 'ಆ ಕ್ರಮಗಳು ಯಾವುವು, ಲಿಖಿತವಾಗಿ ಕೊಡಿ' ಎಂದು ಕೇಳುವ ಹಕ್ಕು ಜನರಿಗಿದೆ. ಬಾಯಿ ಮಾತಿನ ಭರವಸೆ ಸಾಲದು.

ತಡೆಗೋಡೆ ಕೇಳುವ ಮುನ್ನ

ಕಡಲ್ಕೊರೆತ ಆದಾಗ ಶಾಸಕರಿಗೆ ಹೋಗುವ ಮೊದಲ ಬೇಡಿಕೆ ಕಲ್ಲಿನ ತಡೆಗೋಡೆ. ಮನೆ ಉಳಿಸಿಕೊಳ್ಳಬೇಕಾದವರಿಗೆ ಬೇರೆ ದಾರಿ ಕಾಣೋದಿಲ್ಲ, ಅದು ನಿಜ. ಆದರೆ ಗೋಡೆ ಮುಗಿಯುವ ಜಾಗದಿಂದ ಮುಂದಿನ ಊರಿನ ದಡ ಕೊರೆಯಲು ಶುರುವಾಗ್ತದೆ. ಕಡಲಾಮೆ ಮೊಟ್ಟೆ ಇಡುವ ಮರಳೂ ಹೋಗ್ತದೆ, ದೋಣಿ ಎಳೆಯುವ ಜಾಗವೂ ಹೋಗ್ತದೆ. ಹಾಗಾಗಿ 'ಗೋಡೆ ಕಟ್ಟಿ' ಎಂದು ನೇರವಾಗಿ ಬರೆಯುವ ಬದಲು, 'ಅಕ್ಕಪಕ್ಕದ ಊರಿಗೆ ಆಗುವ ಪರಿಣಾಮದ ಅಧ್ಯಯನ ಮಾಡಿಸಿ, ಅದರ ಪ್ರಕಾರ ಕಾಮಗಾರಿ ಮಾಡಿ' ಎಂದು ಬರೆಯೋದು ಒಳ್ಳೇದು. ಪಕ್ಕದ ಊರಿನವರ ಸಹಿಯೂ ಇದ್ದರೆ ಮನವಿಗೆ ತೂಕ ಬರುತ್ತದೆ.

ಮನವಿ ಬರೆಯೋದು ಹೇಗೆ?

ಒಂದೇ ಪುಟ, ಒಂದೇ ವಿಷಯ. ಹತ್ತು ಬೇಡಿಕೆ ಹಾಕಿದರೆ ಹತ್ತೂ ಬಿದ್ದುಹೋಗ್ತವೆ. ಎರಡು ಮಾದರಿ ನೋಡಿ.

ಹೀಗೆ ಬೇಡ: 'ಸಮುದ್ರ ಮಾಲಿನ್ಯ ತಡೆಗಟ್ಟಿ ಮೀನುಗಾರರನ್ನು ಉಳಿಸಬೇಕಾಗಿ ವಿನಂತಿ.'

ಹೀಗಿರಲಿ: 'ಮುಂದಿನ ತಾಲೂಕು ಕೆಡಿಪಿ ಸಭೆಯಲ್ಲಿ, ಕಳೆದ ಋತುವಿನಲ್ಲಿ ನಿಷೇಧಿತ ಬೆಳಕು ಮೀನುಗಾರಿಕೆ ಮೇಲೆ ದಾಖಲಾದ ಪ್ರಕರಣ ಹಾಗೂ ವಸೂಲಾದ ದಂಡದ ಬಗ್ಗೆ ಮೀನುಗಾರಿಕೆ ಇಲಾಖೆಯಿಂದ ಲಿಖಿತ ವರದಿ ಪಡೆದು ನಮಗೆ ಪ್ರತಿ ಕೊಡಿಸಬೇಕು.'

ಎರಡನೆಯದರಲ್ಲಿ ಯಾರು, ಎಲ್ಲಿ, ಏನು ಮಾಡಬೇಕು ಅನ್ನೋದು ಸ್ಪಷ್ಟ ಇದೆ. ಆಗಿದೆಯೋ ಇಲ್ಲವೋ ಅಂತ ಆಮೇಲೆ ಕೇಳಲಿಕ್ಕೂ ಬರ್ತದೆ.

ಮನವಿ ಜತೆ ಮೂರು ದಾಖಲೆ ಇಟ್ಟರೆ ಒಳ್ಳೇದು: ಗ್ರಾಮಸಭೆ ಅಥವಾ ಪಂಚಾಯಿತಿಯ ಠರಾವಿನ ಪ್ರತಿ, ಮೀನುಗಾರರ ಸಹಕಾರ ಸಂಘದ ಲೆಟರ್‌ಹೆಡ್‌ನಲ್ಲಿ ಬೆಂಬಲ ಪತ್ರ, ದಿನಾಂಕ ಮತ್ತು ಜಾಗ ಕಾಣುವ ಎರಡು ಮೂರು ಫೋಟೊ. ವರ್ತಕರ ಸಂಘದ ಪತ್ರವೂ ಸೇರಿದರೆ ಇದು ಒಂದು ಕೇರಿಯ ವಿಷಯ ಅಲ್ಲ, ಪೇಟೆಯ ವಿಷಯ ಅಂತ ಜನಪ್ರತಿನಿಧಿಗೂ ಅನಿಸುತ್ತದೆ.

ಯಾವಾಗ ಹೋಗಬೇಕು?

ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಬರುತ್ತದೆ. ದುಡ್ಡು ಬೇಕಾದ ಬೇಡಿಕೆ ಇದ್ದರೆ ಡಿಸೆಂಬರ್ ಒಳಗೆ ಕೊಡಬೇಕು. ಬಜೆಟ್ ಆದ ಮೇಲೆ ಕೊಟ್ಟರೆ ಮುಂದಿನ ವರ್ಷಕ್ಕೇ ಲೆಕ್ಕ. ಬೆಳಗಾವಿಯ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಸದನದಲ್ಲಿ ಪ್ರಶ್ನೆ ಕೇಳಿಸಬೇಕಾದರೆ ಅಧಿವೇಶನ ಶುರುವಾಗುವ ತಿಂಗಳ ಮುಂಚೆ ವಿಷಯ ಶಾಸಕರ ಕೈಯಲ್ಲಿರಬೇಕು. ಪ್ರಶ್ನೆಗೆ ಮುಂಗಡ ನೋಟಿಸ್ ಕೊಡಬೇಕು, ಲೋಕಸಭೆಯಲ್ಲಿ ಅದು 15 ದಿನ.

ಇನ್ನೊಂದು ಮುಖ್ಯ ಮಾತು. ದೊಡ್ಡ ಯೋಜನೆಗಳಿಗೆ ಪರಿಸರ ಸಂಬಂಧಿ ಸಾರ್ವಜನಿಕ ಅಹವಾಲು ಸಭೆ ನಡೆಯುವಾಗ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು. ಯೋಜನೆಯ ವರದಿ ನೋಡಲು ಸಿಗಬೇಕು. ಜನಪ್ರತಿನಿಧಿಯನ್ನು ಮಾತಾಡಿಸಬೇಕಾದ್ದು ಆ 30 ದಿನಗಳಲ್ಲಿ, ಜೆಸಿಬಿ ಬಂದ ಮೇಲೆ ಅಲ್ಲ. 2020ರ ಜನವರಿಯಲ್ಲಿ ಕಾರವಾರ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆ ಕಾಮಗಾರಿ ಶುರುವಾದಾಗ ಮೀನುಗಾರರು ಬೀದಿಗಿಳಿದರು, ಕಾರವಾರ ಬಂದ್ ಆಯ್ತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಯೋಜನೆ ಪರ ಇರಲಿ, ವಿರೋಧ ಇರಲಿ, ಅಂಗಡಿ ಬಾಗಿಲು ಹಾಕಬೇಕಾದ ಹಂತಕ್ಕೆ ಬಂದ ಮೇಲೆ ಮಾತುಕತೆಗೆ ಜಾಗ ಕಡಿಮೆ.

ಮನವಿ ಕೊಟ್ಟ ಮೇಲೆ?

ಶಾಸಕರ ಕಚೇರಿಯಲ್ಲಿ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅದೇ ಮನವಿಯ ಪ್ರತಿ ಸಂಬಂಧಪಟ್ಟ ಇಲಾಖೆಯ ತಾಲೂಕು ಕಚೇರಿಗೂ ಕೊಟ್ಟು ಇನ್‌ವರ್ಡ್ ನಂಬರ್ ಪಡೆಯಿರಿ. ಶಾಸಕರ ಪತ್ರ ಇಲಾಖೆಗೆ ಹೋಗಿದೆಯಾ ಅಂತ ಆಪ್ತ ಸಹಾಯಕರ ಹತ್ತಿರ ಹದಿನೈದು ದಿನ ಬಿಟ್ಟು ವಿಚಾರಿಸಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂ., ಉತ್ತರಕ್ಕೆ 30 ದಿನ ಗಡುವು. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. 'ನಮ್ಮ ಮನವಿ ಮೇಲೆ ಏನು ಕ್ರಮ ಆಗಿದೆ' ಎಂದು ಕೇಳಿದರೆ ಸಾಕು. ಸಚಿವರು ಸದನದಲ್ಲಿ ಭರವಸೆ ಕೊಟ್ಟಿದ್ದರೆ ಅದನ್ನು ಬೆನ್ನುಹತ್ತಲು ವಿಧಾನಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದಿದೆ. ಶಾಸಕರಿಗೆ ಇದನ್ನು ನೆನಪಿಸಬಹುದು.

ಕೆಲಸ ಆದರೆ ಹೋಗಿ ಧನ್ಯವಾದ ಹೇಳೋದನ್ನೂ ಮರೆಯಬಾರದು. ಗಸ್ತು ಬೋಟಿಗಿಂತ ರಸ್ತೆ ಉದ್ಘಾಟನೆಗೆ ಜನಪ್ರತಿನಿಧಿಗಳು ಮುಂದೆ ಬರೋದು ಯಾಕೆಂದರೆ ರಸ್ತೆಗೆ ಹಾರ ಹಾಕುವವರಿದ್ದಾರೆ.

ಹಿಡಿದ ಬೋಟ್ ಬಿಡಿಸಿ ಎಂಬ ಫೋನ್

ಇಷ್ಟೆಲ್ಲ ಹೇಳಿದ ಮೇಲೆ ಕಷ್ಟದ ಮಾತನ್ನೂ ಹೇಳಬೇಕು. ಮೀನುಗಾರರೆಲ್ಲ ಒಂದೇ ಕಡೆ ಇಲ್ಲ. ನಾಡದೋಣಿಯವರ ಬೇಡಿಕೆ ಪರ್ಸೀನ್ ಬೋಟಿನವರಿಗೆ ಆಗೋದಿಲ್ಲ, ಟ್ರಾಲ್ ಬೋಟಿನವರ ಲೆಕ್ಕ ಬೇರೆ. ಬೋಟಿಗೆ ಸಾಲ ಮಾಡಿದವನಿಗೆ ಕಂತು ಕಟ್ಟುವ ಚಿಂತೆ. ಎಲ್ಲರೂ ಮತದಾರರೇ. ಇಬ್ಬರು ಎದುರುಬದುರಾಗಿ ಬಂದಾಗ 'ನೀವು ಒಮ್ಮತಕ್ಕೆ ಬನ್ನಿ' ಎಂದು ಹೇಳಿ ಕಳಿಸೋದು ಯಾವ ರಾಜಕಾರಣಿಗೂ ಸುಲಭ.

ನಿಷೇಧಿತ ವಿಧಾನದಲ್ಲಿ ಮೀನು ಹಿಡಿದ ಬೋಟನ್ನು ಇಲಾಖೆ ಹಿಡಿದರೆ 'ಬಿಡಿಸಿಕೊಡಿ' ಎಂದು ಫೋನ್ ಮಾಡುವವರಿಗೆ ಕಾರಣ ಕಣ್ಣೆದುರೇ ಇದೆ. ಬೋಟ್ ನಿಂತಿದೆ, ದಿನದ ನಷ್ಟ ಇಷ್ಟು ಅಂತ ಲೆಕ್ಕ ಕೊಡಬಹುದು. ಅದೇ ಕಾರಣಕ್ಕೆ ಖಾಲಿ ದೋಣಿ ತಂದ ನೂರು ಮನೆಯವರಿಗೆ ಫೋನ್ ಮಾಡಲು ಅಂಥ ಒಂದು ದಿನವೇ ಇಲ್ಲ. ಅವರ ನಷ್ಟ ದಿನಾ ಸ್ವಲ್ಪ ಸ್ವಲ್ಪ ಆಗುವಂಥದ್ದು. ಜನಪ್ರತಿನಿಧಿಗೆ ಕೇಳಿಸೋದು ಮೊದಲನೆಯ ದನಿ ಮಾತ್ರ ಆದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ. ಎರಡನೆಯ ದನಿಯೂ ಅಷ್ಟೇ ಸಲ, ಅಷ್ಟೇ ಸ್ಪಷ್ಟವಾಗಿ ಹೋಗಬೇಕು.

ಅದಕ್ಕೆ ಮೊದಲು ಊರಿನಲ್ಲೇ ಕೂತು ಮಾತಾಡಬೇಕು. ಎಲ್ಲ ಗುಂಪಿನವರೂ ಒಪ್ಪುವ ಒಂದಾದರೂ ವಿಷಯ ಸಿಕ್ಕೇ ಸಿಗ್ತದೆ. ಬಲೆ ನಷ್ಟಕ್ಕೆ ಪರಿಹಾರ, ಬಂದರಿನ ಕಸ, ಅಳಿವೆಯ ಕಾಂಡ್ಲಾ ಇಂಥವುಗಳಿಂದ ಶುರು ಮಾಡಿದರೆ ಮುಂದಿನ ಕಷ್ಟದ ಮಾತಿಗೆ ದಾರಿ ಆಗ್ತದೆ.

ಗಮನದಲ್ಲಿಡಿ

* ಪಕ್ಷದ ಕಾರ್ಯಕರ್ತರಾಗಿ ಹೋಗಬೇಡಿ, ಊರಿನವರಾಗಿ ಹೋಗಿ. ಗೆದ್ದವರಿಗೂ ಸೋತವರಿಗೂ ಒಂದೇ ಮನವಿಯ ಪ್ರತಿ ಕೊಡಿ. ಮುಂದಿನ ಸಲ ಗೆಲ್ಲೋದು ಯಾರು ಅಂತ ಗೊತ್ತಿಲ್ಲ.
* ನಾಲ್ಕೈದು ಜನ ಸಾಕು. ಅದರಲ್ಲಿ ಒಬ್ಬರು ಮೀನು ಮಾರುವ ಮಹಿಳೆ, ಒಬ್ಬರು ಅಂಗಡಿಕಾರರು ಇರಲಿ.
* ಚುನಾವಣಾ ನೀತಿಸಂಹಿತೆ ಇರುವಾಗ ಹೊಸ ಘೋಷಣೆ ಮಾಡುವಂತಿಲ್ಲ. ಆ ಸಮಯವನ್ನು ಎಲ್ಲ ಅಭ್ಯರ್ಥಿಗಳಿಗೂ ಬೇಡಿಕೆ ಪಟ್ಟಿ ಕೊಡಲು ಬಳಸಿ.
* ಗೊತ್ತಿಲ್ಲದ ಅಂಕಿ ಸಂಖ್ಯೆ ಬರೆಯಬೇಡಿ. ಒಂದು ಸುಳ್ಳು ಲೆಕ್ಕ ಸಿಕ್ಕಿಬಿದ್ದರೆ ಇಡೀ ಮನವಿ ಬಿದ್ದುಹೋಗ್ತದೆ.
* ಸಿಆರ್‌ಜೆಡ್ ಅನುಮತಿ ಕೊಡೋದು, ನಿರಾಕರಿಸೋದು ಶಾಸಕರ ಕೈಯಲ್ಲಿಲ್ಲ. ಅದಕ್ಕೆ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಇದೆ. ಶಾಸಕರಿಂದ ಆಗೋದು ಪ್ರಶ್ನೆ ಕೇಳಿಸೋದು, ಪತ್ರ ಬರೆಸೋದು.
* ಕಡಲಾಮೆ ಮೊಟ್ಟೆ ಕಂಡರೆ, ಗಾಯಗೊಂಡ ಡಾಲ್ಫಿನ್ ದಡಕ್ಕೆ ಬಂದರೆ ಶಾಸಕರಿಗಲ್ಲ, ಮೊದಲು ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ.
* ಮನವಿ, ಸ್ವೀಕೃತಿ, ಉತ್ತರ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಶಾಸಕರು, ಅಧಿಕಾರಿಗಳು ಬದಲಾಗ್ತಾರೆ. ಫೈಲ್ ಇದ್ದರೆ ಹೊಸಬರ ಹತ್ತಿರ ಮೊದಲಿನಿಂದ ಶುರು ಮಾಡಬೇಕಾಗಿಲ್ಲ.